ಒಪ್ಪುವಿರೋ, ವಿಚಾರಣೆ ಬೇಕೆನ್ನುವಿರೋ?

ನ್ಯಾಯಾಲಯವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ವಕೀಲರ ವಾಗ್ವಾದ, ಸಾಕ್ಷಿಗಳ ಪಾಟೀಸವಾಲು, ಕೊನೆಯಲ್ಲಿ ತೀರ್ಪು. ಇವೆಲ್ಲಕ್ಕೂ ಮೊದಲು ಒಂದು ಸಣ್ಣ ಗಳಿಗೆಯಿದೆ. ಆಪಾದಿತನಿಗೆ ದೋಷಾರೋಪಣೆಯನ್ನು ಓದಿ ಹೇಳಿ, ಅಪರಾಧವನ್ನು ಒಪ್ಪುವಿರೋ, ವಿಚಾರಣೆ ಬೇಕೆನ್ನುವಿರೋ ಎಂದು ಕೇಳುವ ಗಳಿಗೆ ಅದು. ಅಲ್ಲಿ ವಾದಕ್ಕೆ ಎಡೆಯಿಲ್ಲ. ಒಂದೇ ಮಾತಿನ ಉತ್ತರ ಸಾಕು. ಆದರೆ ಮುಂದಿನದೆಲ್ಲವೂ ಆ ಮಾತನ್ನು ಅವಲಂಬಿಸಿರುತ್ತದೆ. ನಮ್ಮ ದೇಶದ ಇಬ್ಬರು ಮಹನೀಯರು ಈ ಪ್ರಶ್ನೆಗೆ ಕೊಟ್ಟ ಎರಡು ಉತ್ತರಗಳನ್ನು ನೆನೆಯುವುದು ಉಚಿತ.

1908ರ ಜುಲೈ 13ರಂದು ಮುಂಬಯಿ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ದಾವರ್ ಅವರ ಮುಂದೆ ಲೋಕಮಾನ್ಯ ಟಿಳಕರು ನಿಂತರು. ಆ ವರ್ಷದ ಮೇ 12 ಮತ್ತು ಜೂನ್ 9ರ 'ಕೇಸರಿ' ಲೇಖನಗಳಿಗಾಗಿ ಅವರ ಮೇಲೆ ರಾಜದ್ರೋಹದ ಆರೋಪ. ಟಿಳಕರು ವಿಚಾರಣೆ ಬೇಕೆಂದರು. ತಮ್ಮ ವಾದವನ್ನು ತಾವೇ ದಿನಗಟ್ಟಲೆ ಮಂಡಿಸಿದರು. ಅವರ ದೊಡ್ಡ ಆಕ್ಷೇಪ ಭಾಷೆಯದು. ಲೇಖನಗಳು ಮರಾಠಿಯವು, ತೀರ್ಮಾನ ಹೇಳಬೇಕಾದ ಜ್ಯೂರಿಯಲ್ಲಿ ಏಳು ಮಂದಿ ಐರೋಪ್ಯರು, ಇಬ್ಬರು ಪಾರಸಿಗಳು. ಅವರಿಗೆ ಆಧಾರ ಇಂಗ್ಲಿಷ್ ಅನುವಾದವೇ, ಅದೂ ತಪ್ಪು ಅನುವಾದವೆಂದು ಟಿಳಕರು ವಾದಿಸಿದರು. ಏಳು ಮಂದಿ ದೋಷಿಯೆಂದರು, ಇಬ್ಬರು ಅಲ್ಲವೆಂದರು. ಆರು ವರ್ಷಗಳ ಶಿಕ್ಷೆಯಾಗಿ ಟಿಳಕರು ಮಂಡಾಲೆಯ ಸೆರೆಮನೆಗೆ ಹೋದರು.

ಹದಿನಾಲ್ಕು ವರ್ಷಗಳ ಬಳಿಕ, 1922ರ ಮಾರ್ಚ್ 18ರಂದು, ಅಹಮದಾಬಾದಿನ ಸರ್ಕಿಟ್ ಹೌಸಿನಲ್ಲಿ ಅದೇ ಕಾನೂನು, ಅದೇ ಪ್ರಶ್ನೆ. 'ಯಂಗ್ ಇಂಡಿಯಾ'ದ ಮೂರು ಲೇಖನಗಳಿಗಾಗಿ ಗಾಂಧೀಜಿಯವರ ಮೇಲೆ ಮೂರು ಆರೋಪಗಳು. ಓದಿ ಮುಗಿಸಿದ ಮೇಲೆ ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಅವುಗಳ ಅರ್ಥವನ್ನು ವಿವರಿಸಿದರು. ಗಾಂಧೀಜಿ ಮೂರನ್ನೂ ಒಪ್ಪಿದರು. ಪ್ರಕಾಶಕ ಶಂಕರಲಾಲ್ ಬ್ಯಾಂಕರರೂ ಒಪ್ಪಿದರು. ಸರ್ಕಾರದ ವಕೀಲ ಸ್ಟ್ರಾಂಗ್‌ಮನ್ನರು, ಒಪ್ಪಿದರೂ ಪೂರ್ಣ ವಿಚಾರಣೆ ನಡೆಯಬೇಕೆಂದು ಪಟ್ಟುಹಿಡಿದರು. ನ್ಯಾಯಾಧೀಶರು ಸಮ್ಮತಿಸಲಿಲ್ಲ, ಉಳಿದದ್ದು ಶಿಕ್ಷೆಯ ಮಾತೊಂದೇ ಎಂದರು. ಟಿಳಕರ ಮೊಕದ್ದಮೆಯನ್ನೇ ಮಾದರಿಯಾಗಿಟ್ಟುಕೊಂಡು ಆರು ವರ್ಷಗಳ ಸಜೆ ವಿಧಿಸಿದರು. 1924ರ ಫೆಬ್ರವರಿಯಲ್ಲಿ, ಶಸ್ತ್ರಚಿಕಿತ್ಸೆಯ ಬಳಿಕ, ಗಾಂಧೀಜಿ ಬಿಡುಗಡೆಯಾದರು. ಅದೇ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾದರು.

ಒಬ್ಬರು ಒಪ್ಪಲಿಲ್ಲ, ಒಬ್ಬರು ಒಪ್ಪಿದರು. ಶಿಕ್ಷೆ ಇಬ್ಬರಿಗೂ ಆರು ವರ್ಷ. ಆದರೆ ಇಬ್ಬರೂ ಕಾನೂನು ಓದಿದವರು. ತಾವು ಆಡುವ ಮಾತಿನ ತೂಕವನ್ನು ಬಲ್ಲವರು. ಸಾಮಾನ್ಯರ ಗತಿಯೇನು?

2024ರ ಜುಲೈ 1ರಿಂದ 1973ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಈ ಘಟ್ಟ ಮಾತ್ರ ಉಳಿದಿದೆ. ಸೆಷನ್ಸ್ ನ್ಯಾಯಾಲಯದಲ್ಲಿ ಮೊದಲು ಎರಡೂ ಕಡೆಯವರ ಮಾತು ಕೇಳುತ್ತಾರೆ. ಸಾಕಷ್ಟು ಆಧಾರವಿಲ್ಲದಿದ್ದರೆ ಆಪಾದಿತನನ್ನು ಅಲ್ಲಿಯೇ ಬಿಟ್ಟುಬಿಡಬೇಕು. ಆಧಾರವಿದ್ದರೆ ಆರೋಪವನ್ನು ಬರೆದು, ಓದಿ, ವಿವರಿಸಿ, ಆ ಹಳೆಯ ಪ್ರಶ್ನೆಯನ್ನು ಕೇಳುತ್ತಾರೆ. ಒಪ್ಪಿದರೆ ಅದರ ಮೇಲೆಯೇ ದೋಷಿಯೆಂದು ತೀರ್ಮಾನಿಸಬಹುದು; ತೀರ್ಮಾನಿಸಲೇಬೇಕೆಂದಿಲ್ಲ. ಸುಮ್ಮನಿದ್ದರೆ ಅದು ಒಪ್ಪಿಗೆಯಲ್ಲ. ಸಾಕ್ಷಿಗಳ ವಿಚಾರಣೆಗೆ ದಿನ ಗೊತ್ತುಮಾಡುತ್ತಾರೆ. ಆರೋಪ ಹೊರಿಸಿದರೆಂಬ ಪತ್ರಿಕಾವಾರ್ತೆಯನ್ನು ಓದಿ ಅಪರಾಧ ಸಿದ್ಧವಾಯಿತೆಂದು ಭಾವಿಸುವುದು ತಪ್ಪು.

ಹೊರನಾಡಿನಲ್ಲಿರುವ ನಮಗೆ ಇಲ್ಲೊಂದು ವಿಶೇಷ ಎಚ್ಚರಿಕೆ ಅಗತ್ಯ. ಆರೋಪವನ್ನು ಬರೆಯುವುದು ಆ ನ್ಯಾಯಾಲಯದ ಭಾಷೆಯಲ್ಲಿ. ಊರಿನಿಂದ ಕೆಲಸ ಹುಡುಕಿಕೊಂಡು ಬಂದ ಹುಡುಗನಿಗೆ ಆ ಭಾಷೆ ಅರ್ಥವಾಗದೆ, ದೊಡ್ಡವರ ಮುಂದೆ ಹೂಂಗುಟ್ಟುವ ಅಭ್ಯಾಸದಿಂದ ತಲೆಯಾಡಿಸಿದರೆ ಅನರ್ಥವಾದೀತು. ಅರ್ಥವಾಗಲಿಲ್ಲವೆಂದು ಹೇಳುವುದು ಅವಿನಯವಲ್ಲ. ವಕೀಲರನ್ನಿಡುವ ಶಕ್ತಿಯಿಲ್ಲದವರು ಕಾನೂನು ನೆರವಿಗೆ ಅರ್ಜಿ ಸಲ್ಲಿಸಬಹುದು. ಪರಭಾಷೆಯ ಅನುವಾದಕ್ಕೆ ತಮ್ಮ ಮಾತು ಸಿಕ್ಕಿದುದನ್ನು ಲೋಕಮಾನ್ಯರೇ ತುಂಬಿದ ಕೋರ್ಟಿನಲ್ಲಿ ಆಕ್ಷೇಪಿಸಿದರು. ನಮ್ಮವರು ಕೇಳಿ ತಿಳಿದುಕೊಂಡ ಮೇಲೆಯೇ ಉತ್ತರ ಕೊಡಲು ನಾಚಬೇಕಾಗಿಲ್ಲ.