ಧಾರವಾಡ ಪ್ರಾಂತದ ಗಾನವೂ ದೂರಶ್ರವಣವೂ

ಒಂದು ಪ್ರಾಂತದ ಗಾನವನ್ನು ಅಲ್ಲಿಗೆ ಹೋಗದೆಯೇ ಕೇಳಿ ತಿಳಿಯಬಹುದೇ ಎಂಬ ಪ್ರಶ್ನೆಯನ್ನು ಪಾಡ್‌ಕಾಸ್ಟ್ ಎಂಬ ಈಗಿನ ಶ್ರವ್ಯಮಾಲಿಕೆಗಳು ಮತ್ತೆ ಎಬ್ಬಿಸಿವೆ. ಪ್ರಶ್ನೆಯು ಹಳೆಯದು, ಧಾರವಾಡ ಪ್ರಾಂತದ ಚರಿತ್ರೆಯಲ್ಲಿ ಅದಕ್ಕೆ ತಕ್ಕ ನಿದರ್ಶನಗಳುಂಟು.

ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು (1872–1937) ಕುಂದಗೋಳದ ರಾಮಭಾವುಗಳಿಗೆ, ಎಂದರೆ ಮುಂದೆ ಸವಾಯಿ ಗಂಧರ್ವರೆಂದು ಪ್ರಸಿದ್ಧರಾದವರಿಗೆ, ವಿದ್ಯೆಯನ್ನಿತ್ತರು. ಆ ಖಾನರದೇ ಠುಮರಿಯೊಂದನ್ನು ಗ್ರಾಮಫೋನ್ ತಟ್ಟೆಯಲ್ಲಿ ಕೇಳಿ ಮನಸೋತ ಗದಗಿನ ಬಾಲಕ ಭೀಮಸೇನ ಜೋಶಿಯು 1933ರಲ್ಲಿ ಗುರುವನ್ನರಸುತ್ತ ಮನೆಬಿಟ್ಟನು. ಗ್ವಾಲಿಯರ್, ಕಲಕತ್ತೆ, ಜಲಂಧರಗಳನ್ನು ಸುತ್ತಿದವನಿಗೆ ಗುರುವು ದೊರೆತುದು ತವರಿಗೆ ಸಮೀಪದ ಕುಂದಗೋಳದಲ್ಲಿ! ತಟ್ಟೆಯು ಗಾನವನ್ನು ಕೇಳಿಸಿತೇ ಹೊರತು ಅದರ ನೆಲೆಯನ್ನು ತಿಳಿಸಲಿಲ್ಲ. ಅದರ ಒಂದು ಮಗ್ಗುಲು ಮೂರು ನಿಮಿಷಗಳಷ್ಟರಲ್ಲಿ ತೀರುತ್ತಿದ್ದಿತು. ವಿಲಂಬಿತ ಖ್ಯಾಲಿಗೆ ಅಲ್ಲಿ ಎಡೆಯೆಲ್ಲಿ?

1950ರಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರವು ಆರಂಭವಾಗಲು ಕಾಲಾವಕಾಶವೇನೋ ಹೆಚ್ಚಿತು. ಗಂಗೂಬಾಯಿ ಹಾನಗಲ್ಲರ ಕಿರಾನಾ ಶೈಲಿಯನ್ನೂ ಮಲ್ಲಿಕಾರ್ಜುನ ಮನಸೂರರ ಜಯಪುರ-ಅತ್ರೌಲಿ ಶೈಲಿಯನ್ನೂ ಒಂದೇ ಪ್ರಾಂತವು ಪೋಷಿಸಿತೆಂಬುದು ದೂರದವರಿಗೂ ವಿದಿತವಾಯಿತು. ಆದರೆ 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಷಿದ್ಧವಾಗಿದ್ದಿತು. ಬೈಠಕ್ಕುಗಳಲ್ಲಿ ನಿತ್ಯಪರಿಚಿತವಾದ ಈ ವಾದ್ಯವು ಬಾನುಲಿಯನ್ನೇ ಪ್ರಮಾಣವೆಂದು ನಂಬಿದವನ ಕಿವಿಗೆ ಬೀಳಲೇ ಇಲ್ಲ. ಆ ಕಾಲದ ಪ್ರಸಾರಗಳಿಂದ ಪ್ರಾಂತದ ವಾದ್ಯಪದ್ಧತಿಯನ್ನು ನಿರ್ಣಯಿಸಹೊರಟವರು ಇದನ್ನು ಮರೆಯಲಾಗದು.

ಪಾಡ್‌ಕಾಸ್ಟಿಗೆ ಮೂರು ನಿಮಿಷಗಳ ಕಟ್ಟಿಲ್ಲ, ವಾದ್ಯನಿಷೇಧವಿಲ್ಲ. ನಿರೂಪಕನ ಮಾತಿನ ಹೊಳೆಯೊಂದುಂಟು, ಅದಿರಲಿ. ಕುಂದಗೋಳದ ನಾಡಗೀರ ವಾಡೆಯ ಅಹೋರಾತ್ರಿ ಉತ್ಸವದಲ್ಲಿ ಬೆಳಗಿನ ರಾಗಕ್ಕಾಗಿ ಶ್ರೋತೃಗಳು ಬೆಳಗಿನವರೆಗೆ ಎಚ್ಚತ್ತಿರಬೇಕು. ಪಾಡ್‌ಕಾಸ್ಟಿನಲ್ಲಿ ಅದೇ ರಾಗವು ನಡುಹಗಲಿಗೂ ದೊರೆಯುತ್ತದೆ.