ಬುತ್ತಿಗಂಟಿನಿಂದ ಪೊಟ್ಟಣಕ್ಕೆ: ಅಮರಾಪುರ ಸೀಮೆಯ ಶಾಲಾಮಕ್ಕಳ ಮಧ್ಯಾಹ್ನದ ಊಟ

ಅಮರಾಪುರ ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಹೇಮಾವತಿಯಿಂದ ತೊಡಗುತ್ತಾರೆ. ಹೆಂಜೇರು ಎಂದು ಶಾಸನಗಳಲ್ಲಿ ಹೆಸರಾದ ಆ ಊರು ನೊಳಂಬರ ರಾಜಧಾನಿಯಾಗಿದ್ದುದು, ಅಲ್ಲಿನ ಸಿದ್ಧೇಶ್ವರ ದೇಗುಲ, ಸುತ್ತಮುತ್ತ ದೊರೆತ ಕನ್ನಡ ಶಾಸನಗಳು ಇವೆಲ್ಲ ಗಡಿನಾಡಿನ ಸಮ್ಮೇಳನಗಳಲ್ಲಿ ಹಲವು ಬಾರಿ ಪ್ರಸ್ತಾಪಗೊಂಡಿವೆ. ನಾವು ಈ ಸಲ ಯಾವ ಕಲ್ಲಿನ ಮೇಲೂ ಕೆತ್ತದ ಒಂದು ಚರಿತ್ರೆಯನ್ನು ಹೇಳಬಯಸುತ್ತೇವೆ. ನಮ್ಮ ಮಕ್ಕಳು ಶಾಲೆಗೆ ಹೋಗುವಾಗ ಮಧ್ಯಾಹ್ನಕ್ಕೆಂದು ಏನನ್ನು ಕಟ್ಟಿಕೊಂಡು ಹೋಗುತ್ತಿದ್ದರು, ಈಗ ಏನನ್ನು ಒಯ್ಯುತ್ತಾರೆ, ಅದನ್ನು ಆರಿಸಿದವರು ಯಾರು ಎಂಬುದೇ ಆ ಚರಿತ್ರೆ.

ನಾವು ಬಾಲಕರಾಗಿದ್ದಾಗ ಊರೊಳಗಿನ ಮಕ್ಕಳು ಮಧ್ಯಾಹ್ನದ ಗಂಟೆ ಬಾರಿಸಿದೊಡನೆ ಮನೆಗೆ ಓಡಿ, ಮುದ್ದೆ ನುಂಗಿ, ಮತ್ತೆ ಓಡಿ ಬರುತ್ತಿದ್ದರು. ಬುತ್ತಿ ಬೇಕಾಗುತ್ತಿದ್ದುದು ದೂರದ ಹಟ್ಟಿಗಳಿಂದ ನಡೆದು ಬರುವವರಿಗೆ. ಅಡಿಕೆ ತೋಟದ ಕಡೆಯವರು ಹಾಳೆಯಲ್ಲಿ ಸುತ್ತಿ ತರುತ್ತಿದ್ದರು, ಉಳಿದವರು ಬಟ್ಟೆಯಲ್ಲಿ. ಒಳಗೆ ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ, ಒಂದು ಈರುಳ್ಳಿ. ರಾಯದುರ್ಗದ ಕಡೆಗೆ ಹೋದರೆ ರಾಗಿಯ ಬದಲು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ಏನನ್ನೂ ತಾರದ ಮಕ್ಕಳೂ ಇದ್ದರು. ಅವರು ಊಟದ ಹೊತ್ತಿನಲ್ಲಿ ಬಾವಿಕಟ್ಟೆಯ ಬಳಿ ಆಡುತ್ತಿದ್ದರು. ಅವರು ಯಾಕೆ ಅಷ್ಟು ಹೊತ್ತು ಆಡುತ್ತಿದ್ದರೆಂದು ನಮಗೆ ತಿಳಿದದ್ದು ನಾವೇ ಮೇಷ್ಟ್ರಾದ ಮೇಲೆ. ಹಿಂದಿನ ಕಾಲದ ಊಟವನ್ನು ಹೊಗಳುವವರು ಈ ಬಾವಿಕಟ್ಟೆಯನ್ನು ಮರೆಯಬಾರದು.

ಅವಸರಕ್ಕೆ ಒದಗುವ ಸಿದ್ಧ ಆಹಾರವೆಂಬುದು ಈಚಿನ ಕಾಲದ್ದು ಎಂಬ ಭಾವನೆಯೂ ಸರಿಯಲ್ಲ. ರಾಗಿಯನ್ನು ಹುರಿದು ಅರಳಿಸಿ ಬೀಸಿದ ಹುರಿಹಿಟ್ಟು ತಿಂಗಳುಗಟ್ಟಲೆ ಡಬ್ಬದಲ್ಲಿ ಕೆಡದೆ ಇರುತ್ತಿತ್ತು. ಬೆಲ್ಲದ ಚೂರು, ಒಂದಿಷ್ಟು ಮಜ್ಜಿಗೆ ಸೇರಿಸಿದರೆ ಎರಡು ನಿಮಿಷದಲ್ಲಿ ಊಟ. ಅವಲಕ್ಕಿ, ಪುರಿ, ಹುರಿಗಡಲೆಗಳೂ ಅದೇ ಜಾತಿಯವು. ತಾಯಂದಿರಿಗೆ ಅವಸರ ಎಂದೂ ಇತ್ತು. ಆದರೆ ಆ ಡಬ್ಬದೊಳಗೆ ಏನಿದೆಯೆಂಬುದು ಅವರಿಗೆ ಪೂರ್ತಿಯಾಗಿ ಗೊತ್ತಿತ್ತು. ಏಕೆಂದರೆ ಹುರಿದವರೂ ಬೀಸಿದವರೂ ಅವರೇ.

ಹೊರಗಿನ ಆಹಾರ ನಮ್ಮ ಶಾಲೆಗಳೊಳಕ್ಕೆ ಮೊದಲು ಬಂದದ್ದು ಅಂಗಡಿಯ ಮೂಲಕ ಅಲ್ಲ, ಸರ್ಕಾರದ ಮೂಲಕ. ಇಲ್ಲಿ ರಾಜಕೀಯ ಚರಿತ್ರೆಯ ಒಂದು ತಿರುವನ್ನು ನೆನೆಯಬೇಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಮಡಕಶಿರಾ ತಾಲ್ಲೂಕು ಅನಂತಪುರ ಜಿಲ್ಲೆಯೊಡನೆಯೂ, ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲ್ಲೂಕು ಆದೋನಿ, ಆಲೂರುಗಳೊಡನೆಯೂ ಮದರಾಸು ರಾಜ್ಯದಿಂದ ಆಂಧ್ರಕ್ಕೆ ಹೋದವು. ಮುಂದೆ ಮೂರೇ ವರ್ಷಕ್ಕೆ, 1956ರಲ್ಲಿ, ಕಾಮರಾಜರು ಮದರಾಸಿನ ಶಾಲೆಗಳಲ್ಲಿ ಬಡಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಆರಂಭಿಸಿದರು. ನಾವು ಕನ್ನಡನಾಡಿಗೂ ಸೇರಲಿಲ್ಲ, ಆ ಅನ್ನಕ್ಕೂ ಸಿಕ್ಕಲಿಲ್ಲ. 1960ರ ದಶಕದಲ್ಲಿ ಅನೇಕ ಶಾಲೆಗಳಿಗೆ ‘ಕೇರ್’ ಸಂಸ್ಥೆಯ ಮೂಲಕ ಅಮೆರಿಕದ ಹಾಲಿನ ಪುಡಿ, ಗೋಧಿ ನುಚ್ಚು, ಜೋಳದ ಹಿಟ್ಟು, ಎಣ್ಣೆ ಬಂದವು. ಶಾಲೆಯ ಹಿಂದೆ ಮೂರು ಕಲ್ಲಿನ ಒಲೆಯ ಮೇಲೆ ಬೇಯುತ್ತಿದ್ದ ಆ ಹಳದಿ ಉಪ್ಪಿಟ್ಟಿನ ವಾಸನೆಯನ್ನು ನಮ್ಮ ವಯಸ್ಸಿನವರು ಯಾರೂ ಮರೆತಿರಲಾರರು. ಚೀಲದ ಮೇಲೆ ಎರಡು ಕೈಗಳು ಕುಲುಕುವ ಚಿತ್ರ, ಅದರ ಕೆಳಗೆ ಇಂಗ್ಲಿಷ್ ಬರಹ. ಮಾರಾಟಕ್ಕಲ್ಲ ಎಂದು ಅದರ ಅರ್ಥವೆಂಬುದನ್ನು ಓದಬಲ್ಲವರು ಶಾಲೆಯಲ್ಲಿ ಒಬ್ಬರೋ ಇಬ್ಬರೋ. ಓದಲಾಗದ ಅಕ್ಷರಗಳೊಡನೆ ನಮ್ಮ ಮಕ್ಕಳಿಗೆ ಆಹಾರ ಬಂದದ್ದು ಆಗಲೇ ಮೊದಲು.

ಆ ಕಾಲದಲ್ಲಿ ಬ್ರೆಡ್ಡು ಎಂದರೆ ಜ್ವರ ಬಂದವರ ಆಹಾರ. ಬಿಸ್ಕತ್ತು ಎಂದರೆ ಬೆಂಗಳೂರಿನಿಂದ ಬಂದ ನೆಂಟರು ತರುವ ಮರ್ಯಾದೆ. ಅದನ್ನು ಶಾಲೆಗೆ ಒಯ್ದ ಹುಡುಗನ ಸುತ್ತ ಜಾತ್ರೆಯೇ ನೆರೆಯುತ್ತಿತ್ತು.

ನಮ್ಮ ಅಡಿಗೆಮನೆ ನಿಜವಾಗಿ ಬದಲಾದದ್ದು 1970, 1980ರ ದಶಕಗಳಲ್ಲಿ. ಮಳೆ ಕಡಿಮೆಯ ಅನಂತಪುರ ಜಿಲ್ಲೆಯಲ್ಲಿ ರಾಗಿ, ನವಣೆ, ಸಜ್ಜೆಗಳ ಹೊಲಗಳನ್ನೆಲ್ಲ ಕಡಲೆಕಾಯಿ ಆವರಿಸಿತು. ಬೆಳೆದದ್ದು ಗಾಣಕ್ಕೂ ಮಂಡಿಗೂ ಹೋಯಿತು. ಮನೆಗೆ ದುಡ್ಡು ಬಂತು, ಅದೂ ಮಳೆ ಬಂದ ವರ್ಷಗಳಲ್ಲಿ ಮಾತ್ರ. 1983ರಲ್ಲಿ ಎನ್.ಟಿ. ರಾಮರಾವ್ ಅವರ ಸರ್ಕಾರ ಕಿಲೋ ಅಕ್ಕಿಗೆ ಎರಡು ರೂಪಾಯಿ ಎಂದು ಸಾರಿತು. ಆ ಅಕ್ಕಿ ಎಷ್ಟೋ ಮನೆಗಳ ಹಸಿವನ್ನು ನೀಗಿಸಿತೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿ ಗೆದ್ದಿತು, ನಮ್ಮ ಪಡಿತರ ಅಂಗಡಿಯಲ್ಲಿ ಅಕ್ಕಿ ಗೆದ್ದಿತು. ಎರಡೇ ನಿಮಿಷದಲ್ಲಿ ಬೇಯುವ ಮ್ಯಾಗಿ ಶ್ಯಾವಿಗೆ ಭಾರತದ ಪೇಟೆಗೆ ಬಂದದ್ದೂ ಅದೇ 1983ರಲ್ಲಿ. ಅದು ಅಮರಾಪುರದ ಅಂಗಡಿಗಳಿಗೆ ಇಳಿಯಲು ಇನ್ನೂ ಹತ್ತಾರು ವರ್ಷ ಹಿಡಿಯಿತು. ಐದು ರೂಪಾಯಿಯ ಪೊಟ್ಟಣಗಳ ಸರಮಾಲೆ ಬಾಗಿಲಲ್ಲಿ ತೂಗತೊಡಗಿದ ಮೇಲೆ ಮಾತ್ರ ಬಡವರ ಮನೆಯ ಮಗುವೂ ಗಿರಾಕಿಯಾಯಿತು.

ಇತ್ತ ಸರ್ಕಾರಿ ಶಾಲೆಗಳಲ್ಲಿ ಇದಕ್ಕೆ ವಿರುದ್ಧವಾದ ಪ್ರವಾಹವೊಂದು ಹರಿಯುತ್ತಿತ್ತು. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರದ ಯೋಜನೆ ಮೊದಲಾದಾಗ ಮಗುವಿಗೆ ತಿಂಗಳಿಗೆ ಮೂರು ಕಿಲೋ ಧಾನ್ಯವನ್ನು ಅಳೆದುಕೊಡುತ್ತಿದ್ದರು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಆಂಧ್ರದಲ್ಲಿ 2003ರ ಜನವರಿಯಲ್ಲಿ ಅದು ಜಾರಿಗೆ ಬಂತು. ಅಂದಿನಿಂದ ಬಾವಿಕಟ್ಟೆಯ ಬಳಿ ಹಸಿದು ಆಡುವ ಮಗು ಸರ್ಕಾರಿ ಶಾಲೆಯಲ್ಲಿ ಕಾಣದಾಯಿತು. 2020ರಿಂದ ವಾರದಲ್ಲಿ ಐದು ದಿನ ಮೊಟ್ಟೆ, ಮೂರು ದಿನ ಕಡಲೆಕಾಯಿ ಚಿಕ್ಕಿ ಸೇರಿದವು. 2023ರಲ್ಲಿ ವಾರಕ್ಕೆ ಮೂರು ದಿನ ರಾಗಿ ಗಂಜಿ. ಯೋಜನೆಯ ಹೆಸರು ಸರ್ಕಾರದೊಡನೆ ಬದಲಾಗುತ್ತದೆ, ಅದು ಇರಲಿ. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಆ ಗಂಜಿಯನ್ನು ತೆಲುಗಿನಲ್ಲಿ ‘ರಾಗಿ ಜಾವ’ ಎನ್ನುತ್ತಾರೆ. ಅಜ್ಜಿಯ ಅಂಬಲಿ ಸರ್ಕಾರಿ ಆದೇಶದ ಮೂಲಕ, ಬೇರೆ ಹೆಸರು ಹೊತ್ತು, ಮೊಮ್ಮಗನ ಲೋಟಕ್ಕೆ ಹಿಂದಿರುಗಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಎಲುಬು ಬೆಳೆಯುವ ವಯಸ್ಸಿನವರಿಗೆ ಅದಕ್ಕಿಂತ ಅಗ್ಗದ ಆಧಾರ ಈ ಸೀಮೆಯಲ್ಲಿ ಇನ್ನೊಂದಿಲ್ಲ.

ಹಾಗಿದ್ದರೆ ಪೊಟ್ಟಣದ ಪ್ರಶ್ನೆ ಎಲ್ಲಿಂದ ಎದ್ದಿತು? ಈ ಊಟ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಮಾತ್ರ ಉಂಟು. ಮಗುವನ್ನು ಊರಿನ ಕನ್ನಡ ಶಾಲೆಯಿಂದ ಬಿಡಿಸಿ ಮಡಕಶಿರಾ, ಹಿಂದೂಪುರ ಅಥವಾ ಶಿರಾದ ಖಾಸಗಿ ಇಂಗ್ಲಿಷ್ ಶಾಲೆಯ ಬಸ್ಸಿಗೆ ಹತ್ತಿಸಿದ ದಿನ ತಂದೆತಾಯಿಗಳು ಭಾಷೆಯನ್ನು ಮಾತ್ರ ಬದಲಿಸಲಿಲ್ಲ, ಬಿಸಿಯೂಟವನ್ನೂ ಬಿಟ್ಟುಕೊಟ್ಟರು. ಈ ಎರಡನೆಯದನ್ನು ಅವರು ಆಗ ಲೆಕ್ಕಕ್ಕೆ ಹಿಡಿಯಲಿಲ್ಲ. ನಾವು ಮೇಷ್ಟ್ರುಗಳೂ ಅವರಿಗೆ ಹೇಳಲಿಲ್ಲ, ಭಾಷೆಯ ವಾದದಲ್ಲೇ ಮುಳುಗಿದ್ದೆವು. ಬಸ್ಸು ಏಳೂವರೆಗೆ ಬರುತ್ತದೆ. ಅಷ್ಟರೊಳಗೆ ಡಬ್ಬಿ ಸಿದ್ಧವಾಗಬೇಕು. ಆಗ ಕೈಗೆ ಸಿಕ್ಕಿದ್ದು ಪೊಟ್ಟಣದ ಶ್ಯಾವಿಗೆ, ಬ್ರೆಡ್ಡು, ಕ್ರೀಮ್ ಬಿಸ್ಕತ್ತು, ಚಿಪ್ಸ್.

ಸೇವೆಯಲ್ಲಿದ್ದಾಗ ಪೋಷಕರ ಸಭೆಗಳಲ್ಲಿ ನಾವೂ ಇದನ್ನು ತಾಯಂದಿರ ಸೋಮಾರಿತನವೆಂದು ಭಾಷಣ ಮಾಡಿದ್ದುಂಟು. ಒಮ್ಮೆ ರೇಷ್ಮೆ ಸಾಕುವ ಮನೆಯ ಹೆಣ್ಣುಮಗಳೊಬ್ಬಳು ಎದ್ದು ನಿಂತಳು. ಹಿರಿಯ ಮಗ ನಮ್ಮ ಶಾಲೆಯಲ್ಲಿ, ಕಿರಿಯವಳು ಖಾಸಗಿ ಶಾಲೆಯ ಬಸ್ಸಿನಲ್ಲಿ. “ನಾಲ್ಕನೇ ಜ್ವರ ಎದ್ದ ಹುಳಕ್ಕೆ ಕೋಳಿ ಕೂಗೋ ಹೊತ್ತಿಗೇ ಸೊಪ್ಪು ಹಾಕ್ಬೇಕು ಮೇಷ್ಟ್ರೇ. ಹುಳ ಕಾಯಲ್ಲ, ಬಸ್ಸೂ ಕಾಯಲ್ಲ. ಕಾಯೋದು ಮಗು ಒಂದೇ” ಎಂದಳು. ರೇಷ್ಮೆ ಸಾಕಿದವರಿಗೆ ಗೊತ್ತು, ಕೊನೆಯ ಜ್ವರ ಕಳೆದ ಹುಳ ಹಗಲೂ ಇರುಳೂ ಮೇಯುತ್ತದೆ. ಸಭೆಯಲ್ಲಿದ್ದ ಗಂಡಸರು ಯಾರೂ ಮಾತನಾಡಲಿಲ್ಲ. ಡಬ್ಬಿಗೆ ಏನು ಹಾಕಿದಿರಿ ಎಂದು ನಾವು ಒಬ್ಬ ತಂದೆಯನ್ನಾದರೂ ಎಂದೂ ಕೇಳಿರಲಿಲ್ಲ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ತಾಯಂದಿರು, ಹಿಂದೂಪುರದ ಕಡೆಯ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಹೊತ್ತು ಮೂಡುವ ಮೊದಲೇ ವ್ಯಾನು ಹತ್ತುವವರು, ಇವರೆಲ್ಲರ ಬೆಳಗಿನ ಲೆಕ್ಕವೂ ಅದೇ. ಆ ದಿನದಿಂದ ನಾವು ಸೋಮಾರಿತನ ಎಂಬ ಪದವನ್ನು ಕೈಬಿಟ್ಟೆವು.

ಆದರೆ ಅವಸರವೇ ಪೂರ್ತಿ ಕಾರಣವೆಂದರೆ ಅದೂ ಸತ್ಯವಾಗದು. ಪೊಟ್ಟಣಕ್ಕೆ ಒಂದು ಅಂತಸ್ತು ಬಂದಿದೆ. ಖಾಸಗಿ ಶಾಲೆಯಲ್ಲಿ ರಾಗಿರೊಟ್ಟಿ ತೆರೆದ ಮಗುವನ್ನು ಪಕ್ಕದವರು ನೋಡುವ ನೋಟ ಆ ಮಗುವಿಗೂ ಗೊತ್ತು, ಅದರ ತಾಯಿಗೂ ಗೊತ್ತು. ತಾವು ಉಂಡು ಬೆಳೆದುದನ್ನು ಮಗು ಬಚ್ಚಿಟ್ಟುಕೊಂಡು ತಿನ್ನಬಾರದೆಂದು ಪೊಟ್ಟಣ ಕೊಳ್ಳುವ ತಾಯಂದಿರಿದ್ದಾರೆ. ಅದು ಪ್ರೀತಿಯಿಂದಲೇ ಆಗುವ ಖರ್ಚು.

ಇನ್ನು ಪೊಟ್ಟಣದ ಮೇಲಿನ ಬರಹದ ಸಂಗತಿ. ಸಾಹಿತ್ಯದ ಸಭೆಗೆ ಇದನ್ನು ತಂದುದಕ್ಕೆ ಮುಖ್ಯ ಕಾರಣವೂ ಇದೇ. ಆಹಾರ ಸುರಕ್ಷತೆಯ ಕಾನೂನು 2006ರಲ್ಲಿ ಆಯಿತು; ಪೊಟ್ಟಣಗಳ ಬರಹದ ನಿಯಮಗಳು 2011ರಲ್ಲಿ ಬಂದವು. ಒಳಗೇನಿದೆಯೆಂಬುದನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕು: ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ಬಹಳ ಒಳ್ಳೆಯ ನಿಯಮ. ಶ್ಯಾವಿಗೆಯ ಪೊಟ್ಟಣದಲ್ಲಿ ಮೊದಲು ಬರುವುದು ಹಿಟ್ಟು, ಬೆನ್ನಿಗೇ ತಾಳೆಎಣ್ಣೆ. ಗ್ಲೂಕೋಸ್ ಬಿಸ್ಕತ್ತಿನ ತೂಕದಲ್ಲಿ ಸುಮಾರು ಕಾಲುಭಾಗ ಸಕ್ಕರೆ ಎಂಬುದೂ ಅಲ್ಲೇ ಅಚ್ಚಾಗಿರುತ್ತದೆ. ಆದರೆ ಈ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆಯಲ್ಲಿ ಹಾಕಲು ಅಡ್ಡಿಯಿಲ್ಲ, ಹಾಕಲೇಬೇಕೆಂಬ ಕಟ್ಟಳೆಯೂ ಇಲ್ಲ. ನೂರು ಚದರ ಸೆಂಟಿಮೀಟರಿಗಿಂತ ಚಿಕ್ಕ ಪೊಟ್ಟಣವಾದರೆ ಆ ಪಟ್ಟಿಯನ್ನೂ ಬಿಡಬಹುದು. ಮಕ್ಕಳು ತಾವೇ ಕಾಸು ಕೊಟ್ಟು ಕೊಳ್ಳುವವು ಹೆಚ್ಚಾಗಿ ಆ ಚಿಕ್ಕವೇ.

ಕನ್ನಡದಲ್ಲಿ ಏಳನೆಯ ತರಗತಿಯವರೆಗೆ ಚೆನ್ನಾಗಿ ಓದಿದ, ರಾಗಿಯನ್ನು ಕೈಯಲ್ಲಿ ಹಿಡಿದು ಅದು ಯಾವ ವರ್ಷದ್ದೆಂದು ಹೇಳಬಲ್ಲ ಹೆಂಗಸು ಈ ಪೊಟ್ಟಣದ ಮುಂದೆ ಅನಕ್ಷರಸ್ಥಳಾಗುತ್ತಾಳೆ. ಆಕೆಗೆ ಓದಲು ಬರುವುದು ಎರಡೇ: ಬೆಲೆ ಮತ್ತು ಹಸಿರು ಚುಕ್ಕೆ. ಆ ಚುಕ್ಕೆ ಸಸ್ಯಾಹಾರವೆಂದಷ್ಟೇ ಹೇಳುತ್ತದೆ. ಅದನ್ನು ಆರೋಗ್ಯದ ಮುದ್ರೆಯೆಂದು ನಂಬಿದವರನ್ನು ನಾವು ಎಷ್ಟೋ ಜನ ಕಂಡಿದ್ದೇವೆ. ಹೀಗಿರುವಾಗ ತಂದೆತಾಯಿಗಳು ಆರಿಸಿದರು ಎಂಬ ಮಾತಿಗೆ ಏನರ್ಥ? ನಾವು ಗಡಿನಾಡಿನವರು ದಶಕಗಳಿಂದ ಶಾಲೆಯ ಫಲಕದಲ್ಲಿ, ಬಸ್ಸಿನ ಹಲಗೆಯಲ್ಲಿ, ಪಹಣಿಯಲ್ಲಿ ಕನ್ನಡ ಕೇಳುತ್ತ ಬಂದಿದ್ದೇವೆ. ಮಗುವಿನ ಬಾಯಿಗೆ ಹೋಗುವ ವಸ್ತುವಿನ ಮೇಲೆ ಕನ್ನಡವನ್ನೋ, ಕಡೆಗೆ ರಾಜ್ಯಭಾಷೆ ತೆಲುಗನ್ನೋ ಕೇಳಲು ನಮಗೇಕೆ ಹೊಳೆಯಲಿಲ್ಲವೋ! ಶಾಲೆಯ ಒಳಗೂ ಗೇಟಿನಿಂದ 50 ಮೀಟರಿನ ಒಳಗೂ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಮಾರಬಾರದೆಂದು 2020ರಲ್ಲಿ ಹೊರಟ ನಿಯಮವೂ ಇದೆ. ನಿಯಮ ಗೇಟಿನ ಹೊರಗೆ ಅಳತೆಗೋಲು ಹಿಡಿದು ನಿಂತಿದೆ; ತಿನಿಸು ಮನೆಯಿಂದಲೇ ಚೀಲದೊಳಗೆ ಬರುತ್ತದೆ.

ಈಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ರಾಯದುರ್ಗ ಅನಂತಪುರದಲ್ಲೇ ಉಳಿದಿದೆ. 2022ರಿಂದ ನಾವು ಜಿಲ್ಲೆಯಿಂದಲೂ ಎರಡಾಗಿದ್ದೇವೆ. ಅಂಗಡಿಯ ಬಾಗಿಲಿನ ಪೊಟ್ಟಣಗಳು ಮಾತ್ರ ಎರಡೂ ಕಡೆ ಒಂದೇ.

ನಿವೃತ್ತರಾದ ಬಳಿಕ ಸಂಜೆ ನಮ್ಮ ಜಗಲಿಗೆ ಕೆಲವು ಮಕ್ಕಳು ಪಾಠಕ್ಕೆ ಬರುತ್ತಾರೆ. ಒಮ್ಮೆ ಇಂಗ್ಲಿಷ್ ಶಾಲೆಯ ಆರನೆಯ ತರಗತಿಯ ಹುಡುಗಿಯ ಕೈಲಿದ್ದ ಪೊಟ್ಟಣವನ್ನೇ ಪಠ್ಯವಾಗಿಸಿ, ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಮ್ಮ ಎಂದೆವು. ಕರೆದೊಯ್ಯಲು ಬಂದ ಅಜ್ಜಿ ಕಂಬಕ್ಕೊರಗಿ ಕೇಳುತ್ತಿದ್ದಳು. ಹುಡುಗಿ ತಡವರಿಸುತ್ತ ತಾಳೆಎಣ್ಣೆ ಎಂಬಲ್ಲಿಗೆ ಬಂದಳು.

“ಯಾವ ಮರದ್ದು ಅದು? ನಮ್ಮ ಅಡಿಕೆ ತರದ್ದಾ, ಈಚಲ ತರದ್ದಾ?” ಎಂದಳು ಅಜ್ಜಿ.

ಎರಡೂ ಅಲ್ಲ, ಬಹುಮಟ್ಟಿಗೆ ಮಲೇಷ್ಯಾ, ಇಂಡೋನೇಷ್ಯಾಗಳಿಂದ ಹಡಗಿನಲ್ಲಿ ಬರುವಂಥದ್ದು ಎಂದು ವಿವರಿಸಿದೆವು.

“ಅಲ್ಲ ಮೇಷ್ಟ್ರೇ, ನಮ್ಮ ಹೊಲದ ಕಡ್ಲೆಕಾಯಿ ಎಣ್ಣೆಗೆ ಏನಾಗಿತ್ತು?”

ಹುಡುಗಿ ಮುಂದಿನ ಪದವನ್ನು ಕೂಡಿಸಿ ಓದುತ್ತಿದ್ದಳು. ಅಜ್ಜಿ ಅವಳ ಪಕ್ಕದಲ್ಲಿ ಕುಳಿತು, ಇನ್ನೂ ಎಷ್ಟು ಸಾಲಿದೆ ಓದೇ, ಎಂದಳು.