ಅಂಕದಲ್ಲಿಯೂ ಅಕ್ಷರದಲ್ಲಿಯೂ: ಬಾಲಶಿಕ್ಷಣದ ಒಂದು ಪಾಠ ಮತ್ತು ಲಿಪಿಕಾರರ ಸಂಪ್ರದಾಯ

ಪ್ರಾಥಮಿಕ ಶಾಲೆಯ ಗಣಿತಪುಸ್ತಕಗಳಲ್ಲಿ 'ಅಂಕಿಗಳಲ್ಲಿ ಬರೆಯಿರಿ', 'ಅಕ್ಷರಗಳಲ್ಲಿ ಬರೆಯಿರಿ' ಎಂಬ ಎರಡು ಅಭ್ಯಾಸಗಳು ಜೊತೆಜೊತೆಯಾಗಿಯೇ ಇರುತ್ತವೆ. ಇದು ಆಂಗ್ಲರ ಕಾಲದ ಕಚೇರಿ ಮತ್ತು ಬ್ಯಾಂಕುಗಳ ವ್ಯವಹಾರದಿಂದ ಶಾಲೆಗೆ ಇಳಿದು ಬಂದ ಪದ್ಧತಿಯೆಂದು ಭಾವಿಸುವುದುಂಟು. ಶಾಸನಗಳನ್ನೂ ಓಲೆಯ ಪ್ರತಿಗಳನ್ನೂ ಓದುವವರಿಗೆ ಈ ಭಾವನೆಯನ್ನು ಒಪ್ಪುವುದು ಕಷ್ಟ. ವಿಜಯನಗರ ಕಾಲದ ಕನ್ನಡ ಶಾಸನಗಳಲ್ಲಿ ದತ್ತಿಯ ಹಣವನ್ನು 'ಗ' ಎಂಬ ಸಂಕೇತದೊಡನೆ ಅಂಕದಲ್ಲಿ ಕೆತ್ತಿ, ಕೂಡಲೇ 'ಅಕ್ಷರದಲು' ಎಂದು ಸೂಚಿಸಿ, ಅದೇ ಮೊತ್ತವನ್ನು ಮಾತಿನಲ್ಲಿ ಮತ್ತೊಮ್ಮೆ ಹೇಳುವ ಕ್ರಮವು ವಿದ್ವಾಂಸರಿಗೆ ಪರಿಚಿತವೇ ಆಗಿದೆ. ಒಂದು ಸೊನ್ನೆಯನ್ನು ಕೂಡಿಸುವುದು ಉಳಿಯ ಎರಡೇಟಿನ ಕೆಲಸ. 'ಹತ್ತು' ಎಂಬುದನ್ನು 'ನೂರು' ಎಂದು ತಿದ್ದುವುದು ಅಷ್ಟು ಸುಲಭವಲ್ಲ. ಕಲ್ಲಿನಲ್ಲಿ ದತ್ತಿಯನ್ನು ಕಾಯುತ್ತಿದ್ದ ಎಚ್ಚರಿಕೆಯೇ ಇಂದಿನ ಮಗುವಿನ ಸ್ಲೇಟಿನ ಮೇಲೆ ಅಭ್ಯಾಸವಾಗಿ ನಿಂತಿದೆಯೆಂದು ನನ್ನ ಅಭಿಪ್ರಾಯ.

ಈ ಪಾಠವನ್ನು ಅದರ ನಿಜವಾದ ಕಷ್ಟದೊಡನೆ ಕಾಣಬೇಕಾದರೆ ಸುಳ್ಯ ಸೀಮೆಯ ಕೊಲ್ಲಮೊಗ್ರುವಿನಂತಹ ಊರನ್ನು ನೆನೆಯಬೇಕು. ಸುಬ್ರಹ್ಮಣ್ಯದ ಆಸುಪಾಸಿನಲ್ಲಿ, ಘಟ್ಟದ ಬುಡದಲ್ಲಿರುವ ಈ ಪ್ರದೇಶದ ಮನೆಮಾತು ಹಲವೆಡೆ ಅರೆಭಾಷೆ, ಹಲವೆಡೆ ತುಳು. ಶಾಲೆಯ ಮಾತು ಕನ್ನಡ. ಮನೆಯಲ್ಲಿ 'ಒಂಜಿ, ರಡ್ಡ್, ಮೂಜಿ' ಎಂದು ಎಣಿಸಿದ ಮಗು ಶಾಲೆಯಲ್ಲಿ 'ಒಂದು, ಎರಡು, ಮೂರು' ಎಂದು ಬರೆಯಬೇಕು. ಅಂಕ ಮಾತ್ರ ಎರಡು ಕಡೆಯೂ ಒಂದೇ. ಆದುದರಿಂದ ಇಲ್ಲಿಯ ಮಗುವಿಗೆ ಅಂಕವು ಮೊದಲು ವಶವಾಗಿ, ಅಕ್ಷರರೂಪವು ನಿಧಾನವಾಗಿ ಕೈಗೂಡುವುದು ಸಹಜ. ಆದರೂ ಒಂದು ಅನುಕೂಲವಿದೆ: ಕನ್ನಡದ 'ಇಪ್ಪತ್ತೈದು', ತುಳುವಿನ 'ಇರ್ವತ್ತೈನ್' ಎರಡೂ ಹತ್ತನ್ನು ಮೊದಲು ಹೇಳಿ ಬಿಡಿಯನ್ನು ಅನಂತರ ಹೇಳುತ್ತವೆ, ೨೫ ಎಂದು ಬರೆಯುವ ಕೈಯೂ ಅದೇ ಕ್ರಮದಲ್ಲಿ ನಡೆಯುತ್ತದೆ. ಸಂಸ್ಕೃತದ 'ಪಂಚವಿಂಶತಿ'ಯಲ್ಲಿ ಐದು ಮೊದಲು, ಇಪ್ಪತ್ತು ಅನಂತರ.

ಕನ್ನಡ ಸಂಖ್ಯಾಪದಗಳಲ್ಲಿ ಮಕ್ಕಳು ಎಡವುವ ಸ್ಥಳ ಒಂಬತ್ತು. ಏಳರಿಂದ ಎಪ್ಪತ್ತು, ಎಂಟರಿಂದ ಎಂಬತ್ತು ಎಂದು ಕಲಿತವನಿಗೆ ಒಂಬತ್ತರಿಂದ 'ತೊಂಬತ್ತು' ಹೇಗಾಯಿತೆಂದು ತಿಳಿಯದು. ಹಳೆಯ ತಮಿಳಿನಲ್ಲಿ ಒಂಬತ್ತಕ್ಕೆ 'ತೊಣ್ಡು' ಎಂಬ ಪದವಿತ್ತು. ಅದೇ ಧಾತು ನಮ್ಮ 'ತೊಂಬತ್ತು' ಎಂಬಲ್ಲಿ ಉಳಿದಿದೆಯೆಂದು ಭಾಷಾಶಾಸ್ತ್ರಜ್ಞರು ತಿಳಿಸುತ್ತಾರೆ. ಮಗು ತಪ್ಪುವುದು ಭಾಷೆಯ ಒಂದು ಪುರಾತನ ಪದರದ ಮೇಲೆ ಎಂಬುದನ್ನು ಉಪಾಧ್ಯಾಯರು ಅರಿತಿದ್ದರೆ ಬೆತ್ತಕ್ಕೆ ಕೆಲಸ ಕಡಿಮೆ.

ಇನ್ನೊಂದು ತಪ್ಪು ಇದಕ್ಕಿಂತ ಕುತೂಹಲಕರವಾದುದು. 'ನೂರ ಇಪ್ಪತ್ತೈದು' ಎಂದು ಹೇಳಿ ಬರೆಸಿದರೆ ಚಿಕ್ಕ ಮಕ್ಕಳು ೧೦೦೨೫ ಎಂದೋ ೧೦೦೨೦೫ ಎಂದೋ ಬರೆಯುತ್ತಾರೆ. ಕಿವಿಗೆ ಕೇಳಿದಂತೆ ನೂರನ್ನೂ ಇಪ್ಪತ್ತನ್ನೂ ಐದನ್ನೂ ಸಾಲಾಗಿ ಇಡುತ್ತಾರೆ. ಸ್ಥಾನಮೌಲ್ಯವು ಬಳಕೆಗೆ ಬರುವ ಮೊದಲು ಬ್ರಾಹ್ಮೀ ಲಿಪಿಯ ಲೇಖಕರು ಮಾಡುತ್ತಿದ್ದುದೂ ಇದನ್ನೇ. ನೂರಕ್ಕೆ ಒಂದು ಚಿಹ್ನೆ, ಇಪ್ಪತ್ತಕ್ಕೆ ಬೇರೊಂದು, ಐದಕ್ಕೆ ಮತ್ತೊಂದು. ಪಶ್ಚಿಮ ಭಾರತದ ಜೈನ ಭಂಡಾರಗಳ ತಾಳೆಯೋಲೆಯ ಪ್ರತಿಗಳಲ್ಲಿ ಪತ್ರಸಂಖ್ಯೆಯನ್ನು ಒಂದು ಅಂಚಿನಲ್ಲಿ ಸಾಮಾನ್ಯ ಅಂಕಗಳಿಂದಲೂ ಇನ್ನೊಂದು ಅಂಚಿನಲ್ಲಿ ಅಕ್ಷರಾಂಕಗಳಿಂದಲೂ ಗುರುತಿಸಿದ್ದಾರೆ. ಈ ಅಕ್ಷರಾಂಕಗಳಲ್ಲಿ ನೂರು, ಹತ್ತು, ಬಿಡಿಗಳ ಚಿಹ್ನೆಗಳು ಒಂದರ ಕೆಳಗೊಂದು ನಿಲ್ಲುತ್ತವೆ. ಸ್ಥಾನಮೌಲ್ಯವು ಎಲ್ಲೆಡೆ ರೂಢಿಗೆ ಬಂದು ಶತಮಾನಗಳು ಕಳೆದ ಮೇಲೂ ನಮ್ಮ ಲಿಪಿಕಾರರು ಹಳೆಯ ಕ್ರಮವನ್ನು ಬಿಟ್ಟುಕೊಡಲಿಲ್ಲ. ಒಂದು ಅಂಚು ಹುಳು ತಿಂದರೆ ಇನ್ನೊಂದು ಉಳಿದೀತು ಎಂಬ ಪ್ರಯೋಜನವಂತೂ ಅದರಿಂದ ಇದ್ದೇ ಇತ್ತು.

ಅಕ್ಷರ ಮತ್ತು ಅಂಕಗಳನ್ನು ಒಟ್ಟಿಗೆ ಕಲಿಸುವ ವಿಚಾರಕ್ಕೆ ನಮ್ಮ ಪುರಾಣವೇ ಆದಿಯಾಗಿದೆ. ವೃಷಭದೇವನು ಎರಡು ಕೈಗಳಿಂದಲೂ ಬರೆಯುತ್ತ ತನ್ನ ಪುತ್ರಿಯರಾದ ಬ್ರಾಹ್ಮೀ ಸುಂದರಿಯರಿಗೆ ಲಿಪಿಯನ್ನೂ ಅಂಕಗಳ ಮೂಲಕ ಸಂಖ್ಯಾಸ್ಥಾನವನ್ನೂ ಬೋಧಿಸಿದನೆಂದು ಜಿನಸೇನಾಚಾರ್ಯರ ಆದಿಪುರಾಣ ಹೇಳುತ್ತದೆ. ಬ್ರಾಹ್ಮಿಗೆ ಬಲಗೈಯಿಂದ ಲಿಪಿ, ಸುಂದರಿಗೆ ಎಡಗೈಯಿಂದ ಗಣಿತ ಎಂಬ ವಿಭಾಗವು ಆವಶ್ಯಕ ನಿರ್ಯುಕ್ತಿಯಲ್ಲಿದೆ. ಅಂಕಗಳ ಗತಿ ಎಡಕ್ಕೆ ಎಂಬ ಲೋಕಪ್ರಸಿದ್ಧ ನಿಯಮವನ್ನು ಈ ಕಥೆಯೊಡನೆ ಜೋಡಿಸುವುದು ಪರಂಪರೆ. ಇಲ್ಲಿ ಗಮನಾರ್ಹವಾದುದು 'ಸಂಖ್ಯಾಸ್ಥಾನ' ಎಂಬ ಮಾತು. ಕಲಿಸಬೇಕಾದುದು ಅಂಕದ ಆಕಾರವಷ್ಟೇ ಆಗಿರದೆ ಅದು ನಿಲ್ಲುವ ಸ್ಥಾನವೂ ಆಗಿದೆಯೆಂದು ಒಂಬತ್ತನೆಯ ಶತಮಾನದ ಆಚಾರ್ಯರು ಸ್ಪಷ್ಟವಾಗಿ ತಿಳಿದಿದ್ದರು.

ಅದಕ್ಕೆ ಸ್ವಲ್ಪ ಹಿಂದಿನ ಧವಲಾ ಟೀಕೆಯಲ್ಲಿ ಒಂದು ದೊಡ್ಡ ಸಂಖ್ಯೆಯನ್ನು ಮಾತಿನಲ್ಲಿ ಹೇಳುವ ಮೂರು ಬಗೆಗಳು ದೊರೆಯುತ್ತವೆ. ೭೯೯೯೯೯೯೮ ಎಂಬುದನ್ನು ಆದಿಯಲ್ಲಿ ಏಳು, ಅಂತ್ಯದಲ್ಲಿ ಎಂಟು, ನಡುವೆ ಆರು ಒಂಬತ್ತುಗಳು ಎಂದು ಅಂಕಗಳ ನೋಟದಿಂದಲೇ ವರ್ಣಿಸಿದೆ. ೪೬೬೬೬೬೬೪ ಎಂಬುದನ್ನು ಅರುವತ್ತನಾಲ್ಕು, ಆರುನೂರು, ಅರುವತ್ತಾರು ಸಾವಿರ, ಅರುವತ್ತಾರು ಲಕ್ಷ, ನಾಲ್ಕು ಕೋಟಿ ಎಂದು ಕಿರಿದರಿಂದ ಹಿರಿದಕ್ಕೆ ಏರಿಸಿದೆ. ೨೨೭೯೯೪೯೮ ಎಂಬಲ್ಲಿ ಎರಡು ಕೋಟಿಯಿಂದ ಕೆಳಗಿಳಿಯುವ ಕ್ರಮ, ಅಂದರೆ ಇಂದಿನ ನಮ್ಮ ಕ್ರಮ. ಮೂರು ಬಗೆಯೂ ಒಂದೇ ಗ್ರಂಥದಲ್ಲಿರುವುದರಿಂದ ಮಾತಿನ ಕ್ರಮವು ಆಗ ಇನ್ನೂ ಒಂದೇ ದಾರಿಗೆ ಬಿದ್ದಿರಲಿಲ್ಲವೆಂದು ಊಹಿಸಬಹುದು. ಕ್ರಿ.ಶ. ೬೩೪ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಶಕವರ್ಷ ೫೫೬ನ್ನು ಐವತ್ತು, ಆರು, ಐದುನೂರು ಎಂಬ ಕ್ರಮದಲ್ಲಿ ಹೇಳಿದ್ದಾನೆ. ಛಂದಸ್ಸಿಗೆ ಹೊಂದಿದ ಕ್ರಮವದು. ಕೂಡಿದರೆ ಮೊತ್ತ ಸರಿಯಾಗುತ್ತದೆ.

ಭೂತಸಂಖ್ಯೆಯಲ್ಲಿ ಇಂತಹ ಸ್ವಾತಂತ್ರ್ಯವಿಲ್ಲ. ಕಾರ್ಕಳದ ಗೊಮ್ಮಟನ ಶಾಸನದಲ್ಲಿ ಶಕವರ್ಷವನ್ನು ಮೂರು, ಶರ, ವಹ್ನಿ, ಇಂದು ಎಂದು ಸೂಚಿಸಿದೆ. ಬಂದಂತೆ ಬರೆದರೆ ೩೫೩೧. ಎಡಕ್ಕೆ ನಡೆದರೆ ೧೩೫೩, ಎಂದರೆ ಕ್ರಿ.ಶ. ೧೪೩೨. ವೇಣೂರಿನಲ್ಲಿ ವಿಷಯ, ಅಕ್ಷಿ, ಶರ, ಇಂದು. ಅದು ೧೫೨೫, ಕ್ರಿ.ಶ. ೧೬೦೪. ತುಳುನಾಡಿನ ಬಾಲಕರಿಗೆ ಸಂಖ್ಯಾಲೇಖನದ ಪಾಠವಾಗಿ ಈ ಎರಡು ಶಾಸನಗಳಿಗಿಂತ ಸಮೀಪದ ಸಾಮಗ್ರಿ ಬೇರೆ ದೊರೆಯದು. ನಾಲ್ಕನೆಯ ತರಗತಿಯ ವಿದ್ಯಾರ್ಥಿಗೆ ಇಂದು ಎಂದರೆ ಒಂದು, ಅಕ್ಷಿ ಎಂದರೆ ಎರಡು ಎಂದು ತಿಳಿಸಿದರೆ ಸಾಕು, ಉಳಿದುದನ್ನು ಆಟದಂತೆ ಬಿಡಿಸುತ್ತಾನೆ.

ಪಂಡಿತರಿಗೆ ಮಾತ್ರ ಇದು ಆಟವಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದ ಸಂಜ್ಞಾಧಿಕಾರದಲ್ಲಿ ಏಕದಿಂದ ಮಹಾಕ್ಷೋಭದವರೆಗೆ ೨೪ ಸ್ಥಾನಗಳನ್ನು ಹೆಸರಿಸಿ, ಸಂಖ್ಯಾವಾಚಕ ಪದಗಳನ್ನೂ ಕೊಟ್ಟಿದ್ದಾರೆ. ಅವುಗಳಲ್ಲಿ ಕೆಲವು ಜೈನಪರಿಭಾಷೆಯಿಂದ ಬಂದವು. ವ್ರತ ಐದು, ದ್ರವ್ಯ ಆರು, ತತ್ತ್ವ ಏಳು, ಕರ್ಮ ಎಂಟು, ಪದಾರ್ಥ ಒಂಬತ್ತು. ಸಾಂಖ್ಯರನ್ನು ಅನುಸರಿಸಿ ತತ್ತ್ವಕ್ಕೆ ಇಪ್ಪತ್ತೈದು ಎಂದು ಎಣಿಸುವ ರೂಢಿಯೂ ಇದೆ. ಪ್ರತಿಯೊಂದರ ಅಂತ್ಯದ ಕಾಲಸೂಚನೆಯಲ್ಲಿ 'ತತ್ತ್ವ' ಎಂದಿದ್ದರೆ, ಬರೆದವನು ಯಾವ ಸಂಪ್ರದಾಯದವನೆಂದು ತಿಳಿಯದೆ ವರ್ಷವನ್ನು ನಿರ್ಣಯಿಸಲಾಗದು. ಸಂವತ್ಸರದ ಹೆಸರು, ತಿಥಿ, ವಾರಗಳಿಂದ ತಾಳೆ ನೋಡಲೇಬೇಕು. ೧೯೧೨ರಲ್ಲಿ ಮದರಾಸಿನಿಂದ ಈ ಗ್ರಂಥವನ್ನು ಪ್ರಕಟಿಸಿದ ಎಂ. ರಂಗಾಚಾರ್ಯರು ಬಳಸಿದ ಪ್ರತಿಗಳಲ್ಲೊಂದು ಮೂಡಬಿದಿರೆಯ ಜೈನಮಠದ ಓಲೆಪ್ರತಿಯ ನಕಲೆಂಬುದು ಈ ಜಿಲ್ಲೆಯವರಿಗೆ ಸಂತೋಷದ ಸಂಗತಿ. ಪದ್ಮಾವತಮ್ಮನವರ ಕನ್ನಡ ಅನುವಾದವು ೨೦೦೦ದಲ್ಲಿ ಹೊಂಬುಜದಿಂದ ಪ್ರಕಟವಾದುದರಿಂದ ಶಾಲೆಯ ಉಪಾಧ್ಯಾಯರಿಗೂ ಈಗ ಅದು ಎಟುಕುವಂತಿದೆ.

ಹಿಂದಿನ ಐಗಳ ಮಠಗಳಲ್ಲಿ ಮಗು ಹೊಯಿಗೆಯ ಮೇಲೆ ಬೆರಳಿನಿಂದ ತಿದ್ದಿ, ಮಗ್ಗಿಯನ್ನು ಬಾಯಿಪಾಠ ಮಾಡಿ, ಕೈ ಕುದುರಿದ ಮೇಲೆ ಓಲೆಗೆ ಬರುತ್ತಿತ್ತು. ಕಂಠವನ್ನು ಹಿಡಿದು ಓಲೆಯ ಮೇಲೆ ಕೊರೆಯುವಾಗ ಕನ್ನಡದ ೬ ಮತ್ತು ೯ ಒಂದು ಕುಡಿಯ ತಿರುವಿನಲ್ಲಿ ಅದಲುಬದಲಾಗುತ್ತವೆ. ಮಸಿ ಹಿಡಿಯದ ಕಡೆ ೧ ಹೋಗಿ ೦ ಆಗುತ್ತದೆ. ಕಾಲನಿರ್ಣಯದಲ್ಲಿ ಆರು ಒಂಬತ್ತಾದರೆ ಶತಕದ ಸ್ಥಾನದಲ್ಲಿ ಮುನ್ನೂರು ವರ್ಷ, ದಶಕದ ಸ್ಥಾನದಲ್ಲಿ ಮೂವತ್ತು ವರ್ಷದ ಅಂತರ. ಆದಕಾರಣ ಸೂಚಿಯನ್ನು ಸಿದ್ಧಪಡಿಸುವವರು ಪ್ರತಿಯ ಕಾಲವನ್ನು ನಮೂದಿಸುವಾಗ ಓಲೆಯಲ್ಲಿ ಕಂಡ ಅಂಕವನ್ನು ಕಂಡಂತೆಯೇ ಬರೆದು, ಓಲೆಯಲ್ಲಿ ಮಾತಿನ ರೂಪವೂ ಇದ್ದರೆ ಅದನ್ನು ಪಕ್ಕದಲ್ಲಿ ಬೇರೆಯಾಗಿ ಎತ್ತಿಕೊಂಡು, ತಾವು ನಿರ್ಣಯಿಸಿದ ವರ್ಷವನ್ನು ಮೂರನೆಯ ಸಾಲಿನಲ್ಲಿ ಅಕ್ಷರದಲ್ಲಿ ಕೊಡುವುದು ಯುಕ್ತ.